ಒಬ್ಬನೇ ಒಡೆಯ, ಹಲವು ಕ್ಲಬ್ಬುಗಳು: ಫುಟ್‌ಬಾಲ್ ಉದ್ಯಮದಲ್ಲಿ ನಿಯಂತ್ರಣದ ಪ್ರಶ್ನೆ

2025ರ ಮೇ 17ರಂದು ಲಂಡನ್ನಿನ ವೆಂಬ್ಲಿ ಕ್ರೀಡಾಂಗಣದಲ್ಲಿ ನಡೆದ ಎಫ್.ಎ. ಕಪ್ ಅಂತಿಮ ಪಂದ್ಯದಲ್ಲಿ ಕ್ರಿಸ್ಟಲ್ ಪ್ಯಾಲೆಸ್ ಕ್ಲಬ್ಬು ಮ್ಯಾಂಚೆಸ್ಟರ್ ಸಿಟಿಯನ್ನು 1–0 ಗೋಲಿನಿಂದ ಮಣಿಸಿತು. ಶತಮಾನಕ್ಕೂ ಮಿಕ್ಕ ಇತಿಹಾಸವುಳ್ಳ ಆ ಕ್ಲಬ್ಬಿಗೆ ಲಭಿಸಿದ ಮೊತ್ತಮೊದಲ ಪ್ರಮುಖ ಪ್ರಶಸ್ತಿ ಅದಾಗಿತ್ತು. ಈ ಗೆಲುವಿನೊಂದಿಗೆ ಮುಂದಿನ ಋತುವಿನ ಯೂರೋಪಾ ಲೀಗ್ ಪಂದ್ಯಾವಳಿಯಲ್ಲಿ ಆಡುವ ಅರ್ಹತೆಯೂ ಅದಕ್ಕೆ ದೊರೆಯಿತು. ಆದರೆ ಎರಡು ತಿಂಗಳು ತುಂಬುವ ಮುನ್ನವೇ, ಜುಲೈ 11ರಂದು, ಯೂರೋಪಿನ ಫುಟ್‌ಬಾಲ್ ಸಂಸ್ಥೆಗಳ ಒಕ್ಕೂಟವಾದ ಯುಇಎಫ್‌ಎ ಪ್ಯಾಲೆಸ್ ತಂಡವನ್ನು ಒಂದು ಮೆಟ್ಟಿಲು ಕೆಳಗಿನ ಕಾನ್ಫರೆನ್ಸ್ ಲೀಗ್‌ಗೆ ಇಳಿಸಿತು.

ಮೈದಾನದಲ್ಲಿ ಮೋಸ ನಡೆದಿರಲಿಲ್ಲ. ಹಣಕಾಸಿನ ಅಕ್ರಮದ ಆರೋಪವೂ ಇರಲಿಲ್ಲ. ತೊಡಕಿದ್ದುದು ಷೇರುದಾರರ ಪಟ್ಟಿಯಲ್ಲಿ. ಅಮೆರಿಕದ ಹೂಡಿಕೆದಾರ ಜಾನ್ ಟೆಕ್ಸ್ಟರ್ ಅವರ ಈಗಲ್ ಫುಟ್‌ಬಾಲ್ ಹೋಲ್ಡಿಂಗ್ಸ್ ಕಂಪನಿಯು ಪ್ಯಾಲೆಸ್‌ನಲ್ಲಿ ಸುಮಾರು ಶೇ. 43ರಷ್ಟು ಷೇರುಗಳನ್ನು ಹೊಂದಿತ್ತು. ಅದೇ ಕಂಪನಿಯು ಫ್ರಾನ್ಸಿನ ಲಿಯಾನ್ ಕ್ಲಬ್ಬಿನಲ್ಲಿಯೂ ಸುಮಾರು ಶೇ. 77ರ ಪಾಲುದಾರ. ಲಿಯಾನ್ ಕೂಡ ಅದೇ ಯೂರೋಪಾ ಲೀಗ್‌ಗೆ ಅರ್ಹತೆ ಗಳಿಸಿತ್ತು. ಒಬ್ಬನೇ ಒಡೆಯನ ಹಿಡಿತದಲ್ಲಿರುವ ಎರಡು ತಂಡಗಳು ಒಂದೇ ಪಂದ್ಯಾವಳಿಯಲ್ಲಿ ಆಡಕೂಡದೆಂಬುದು ಯುಇಎಫ್‌ಎ ನಿಯಮ. ಎರಡರಲ್ಲಿ ಒಂದು ಹೊರಗುಳಿಯಬೇಕಾದಾಗ ಸ್ವದೇಶದ ಲೀಗ್‌ನಲ್ಲಿ ಮೇಲಿನ ಸ್ಥಾನ ಪಡೆದ ತಂಡಕ್ಕೆ ಆದ್ಯತೆ. ಲಿಯಾನ್ ಫ್ರಾನ್ಸಿನಲ್ಲಿ ಆರನೆಯದು, ಪ್ಯಾಲೆಸ್ ಇಂಗ್ಲೆಂಡಿನಲ್ಲಿ ಹನ್ನೆರಡನೆಯದು. ಲೆಕ್ಕ ಅಲ್ಲಿಗೆ ಮುಗಿಯಿತು.

ಇಳಿಕೆಯ ಬೆಲೆ ಸಣ್ಣದಲ್ಲ. 2024ರಿಂದ 2027ರವರೆಗಿನ ಅವಧಿಗೆ ಯುಇಎಫ್‌ಎ ನಿಗದಿ ಮಾಡಿರುವಂತೆ ಯೂರೋಪಾ ಲೀಗ್‌ನ ಕ್ಲಬ್ಬುಗಳಿಗೆ ಪ್ರತಿ ಋತುವಿನಲ್ಲಿ ಹಂಚುವ ಮೊತ್ತ 56.5 ಕೋಟಿ ಯೂರೋ. ಕಾನ್ಫರೆನ್ಸ್ ಲೀಗ್‌ನದು 28.5 ಕೋಟಿ. ಟಿಕೆಟ್ ಮಾರಾಟ, ಪ್ರಾಯೋಜಕತ್ವ, ಆಟಗಾರರನ್ನು ಉಳಿಸಿಕೊಳ್ಳುವ ಶಕ್ತಿ ಇವೆಲ್ಲವೂ ಅದರ ಬೆನ್ನಿಗೇ ಏರಿಳಿಯುತ್ತವೆ. ಒಂದು ಉದ್ದಿಮೆಯಲ್ಲಿ ಯಾರ ಪಾಲು ಎಷ್ಟು, ಯಾರ ಮಾತು ನಡೆಯುತ್ತದೆ ಎಂಬ ಪ್ರಶ್ನೆಯನ್ನು ಹೊರಗಿನ ನಿಯಂತ್ರಕನೊಬ್ಬ ತನ್ನದೇ ಅಳತೆಗೋಲಿನಿಂದ ಅಳೆದಾಗ ಏನಾಗಬಹುದೆಂಬುದಕ್ಕೆ ಇದು ಸ್ಪಷ್ಟ ನಿದರ್ಶನ. ಸೋದರ ಸಂಸ್ಥೆಗಳನ್ನಿಟ್ಟುಕೊಂಡು ವ್ಯವಹರಿಸುವ ಯಾವ ವರ್ತಕನಿಗೂ ಈ ಪ್ರಶ್ನೆ ಅಪರಿಚಿತವಲ್ಲ.

ನಿಯಮ ಹುಟ್ಟಿದ ಬಗೆ

1997–98ರ ಋತುವಿನಲ್ಲಿ ಕಪ್ ವಿನ್ನರ್ಸ್ ಕಪ್ ಎಂಬ ಯೂರೋಪಿಯನ್ ಪಂದ್ಯಾವಳಿಯ ಎಂಟರ ಘಟ್ಟ ತಲುಪಿದ ತಂಡಗಳ ಪೈಕಿ ಮೂರು ಒಂದೇ ಕಂಪನಿಗೆ ಸೇರಿದ್ದವು: ಗ್ರೀಸಿನ ಎಇಕೆ ಅಥೆನ್ಸ್, ಝೆಕ್ ಗಣರಾಜ್ಯದ ಸ್ಲಾವಿಯಾ ಪ್ರಾಗ್ ಮತ್ತು ಇಟಲಿಯ ವಿಚೆಂಝಾ. ಮೂರರಲ್ಲಿಯೂ ಬಹುಪಾಲು ಷೇರು ಹೊಂದಿದ್ದುದು ಬ್ರಿಟನ್ನಿನ ಎನಿಕ್ ಕಂಪನಿ. ಅದೃಷ್ಟವಶಾತ್ ಆ ಮೂರೂ ತಂಡಗಳು ಪರಸ್ಪರ ಎದುರಾಗಲಿಲ್ಲ. ಆದರೂ ಯುಇಎಫ್‌ಎ ಎಚ್ಚೆತ್ತು, 1998ರ ಮೇ ತಿಂಗಳಿನಲ್ಲಿ, ಒಂದೇ ನಿಯಂತ್ರಣದ ಎರಡು ಕ್ಲಬ್ಬುಗಳಿಗೆ ಒಂದೇ ಪಂದ್ಯಾವಳಿಯಲ್ಲಿ ಪ್ರವೇಶವಿಲ್ಲವೆಂಬ ನಿಯಮ ರಚಿಸಿತು.

ಆ ವರ್ಷವೇ ಎಇಕೆ ಮತ್ತು ಸ್ಲಾವಿಯಾ ಎರಡೂ ಯುಇಎಫ್‌ಎ ಕಪ್‌ಗೆ ಅರ್ಹತೆ ಪಡೆದಿದ್ದವು. ಎರಡೂ ಕ್ಲಬ್ಬುಗಳು ಸ್ವಿಟ್ಜರ್ಲೆಂಡಿನ ಲೊಸಾನ್ ನಗರದಲ್ಲಿರುವ ಕ್ರೀಡಾ ಮಧ್ಯಸ್ಥಿಕೆ ನ್ಯಾಯಾಲಯದ ಮೊರೆ ಹೊಕ್ಕವು. ಋತು ಹೊಸ್ತಿಲಲ್ಲಿರುವಾಗ ನಿಯಮ ಬದಲಿಸಿದ್ದು ಸರಿಯಲ್ಲವೆಂದು ನ್ಯಾಯಾಲಯವು ಆ ವರ್ಷದ ಮಟ್ಟಿಗೆ ತಡೆಯಾಜ್ಞೆ ನೀಡಿತು. 1999ರ ಆಗಸ್ಟ್ 20ರ ಅಂತಿಮ ತೀರ್ಪಿನಲ್ಲಿ ಮಾತ್ರ ನಿಯಮವನ್ನು ಎತ್ತಿಹಿಡಿಯಿತು. ಎನಿಕ್ ಯಾವುದೇ ಪಂದ್ಯದಲ್ಲಿ ಕೈವಾಡ ನಡೆಸಿತೆಂದು ನ್ಯಾಯಾಲಯ ಹೇಳಲಿಲ್ಲ. ಕೈವಾಡ ನಡೆಯದಿದ್ದರೂ ನಡೆದಿರಬಹುದೆಂಬ ಶಂಕೆ ಪ್ರೇಕ್ಷಕನ ಮನಸ್ಸಿನಲ್ಲಿ ಮೂಡಿದರೆ ಸಾಕು, ಮಾರಾಟಕ್ಕಿಟ್ಟ ಸರಕೇ ಕೆಟ್ಟಂತೆ ಎಂಬುದು ಆ ತೀರ್ಪಿನ ತಿರುಳು. ಅನಿಶ್ಚಿತ ಫಲಿತಾಂಶವೇ ಫುಟ್‌ಬಾಲ್ ಉದ್ಯಮದ ಮೂಲ ಸರಕು.

ಎನಿಕ್ ಸುಮ್ಮನಾಗದೆ ಯೂರೋಪಿಯನ್ ಆಯೋಗಕ್ಕೆ ದೂರು ಕೊಟ್ಟಿತು. ಈ ನಿಯಮವು ಬಂಡವಾಳ ಹೂಡಿಕೆಯನ್ನು ನಿರ್ಬಂಧಿಸಿ ಸ್ಪರ್ಧಾ ಕಾನೂನನ್ನು ಉಲ್ಲಂಘಿಸುತ್ತದೆ ಎಂಬುದು ಅದರ ವಾದ. 2002ರ ಜೂನ್‌ನಲ್ಲಿ ಆಯೋಗ ದೂರನ್ನು ತಳ್ಳಿಹಾಕಿತು: ಪಂದ್ಯಾವಳಿಯ ಪ್ರಾಮಾಣಿಕತೆಯನ್ನು ಕಾಯುವುದೇ ನಿಯಮದ ಉದ್ದೇಶ, ಅದಕ್ಕೆ ಅಗತ್ಯವಿರುವುದಕ್ಕಿಂತ ಹೆಚ್ಚಿನ ನಿರ್ಬಂಧ ಅದರಲ್ಲಿಲ್ಲ ಎಂದು. ಅಷ್ಟರಲ್ಲಿ ಎನಿಕ್ 2001ರಲ್ಲಿಯೇ ಲಂಡನ್ನಿನ ಟಾಟನ್‌ಹ್ಯಾಮ್ ಕ್ಲಬ್ಬಿನ ನಿಯಂತ್ರಣ ಪಡೆದು ತನ್ನ ಗಮನವನ್ನು ಅತ್ತ ತಿರುಗಿಸಿತ್ತು.

ಹಲವು ಕ್ಲಬ್ಬುಗಳೇಕೆ?

ಈ ವಹಿವಾಟಿನ ಲಾಭದ ಗುಟ್ಟನ್ನು ತಿಳಿಯಲು ಅಬುಧಾಬಿಯ ಅರಮನೆಗಿಂತ ಇಟಲಿಯ ಉದೀನೆ ಪಟ್ಟಣದ ಪೊಝ್ಝೊ ಕುಟುಂಬವನ್ನು ನೋಡುವುದು ಹೆಚ್ಚು ಉಪಯುಕ್ತ. ಮರಗೆಲಸದ ಗರಗಸದ ಅಲಗುಗಳನ್ನೂ ಕತ್ತರಿಸುವ ಉಪಕರಣಗಳನ್ನೂ ತಯಾರಿಸುತ್ತಿದ್ದ ಈ ಕುಟುಂಬದ ಜಾಂಪಾವ್ಲೊ ಪೊಝ್ಝೊ 1986ರಲ್ಲಿ ಊರಿನ ಉದಿನೇಜೆ ಕ್ಲಬ್ಬನ್ನು ಕೊಂಡರು. ದೊಡ್ಡ ಕ್ಲಬ್ಬುಗಳೊಡನೆ ಹಣದಲ್ಲಿ ಸ್ಪರ್ಧಿಸುವುದು ಅಸಾಧ್ಯವಾದ್ದರಿಂದ ದಕ್ಷಿಣ ಅಮೆರಿಕ, ಆಫ್ರಿಕ ಮತ್ತು ಪೂರ್ವ ಯೂರೋಪಿನಲ್ಲಿ ಯಾರ ಕಣ್ಣಿಗೂ ಬೀಳದ ಎಳೆಯ ಆಟಗಾರರನ್ನು ಅಗ್ಗವಾಗಿ ಕೊಂಡು, ಪಳಗಿಸಿ, ಹೆಚ್ಚಿನ ಬೆಲೆಗೆ ಮಾರುವುದು ಅವರ ಮಾರ್ಗವಾಯಿತು. ಕಚ್ಚಾ ಮಾಲು ತಂದು ಸಿದ್ಧವಸ್ತು ಮಾಡಿ ಮಾರುವ ಕಾರ್ಖಾನೆಯ ಕ್ರಮವೇ ಇದು.

ಆದರೆ ಒಂದು ಕ್ಲಬ್ಬಿನ ತಂಡದಲ್ಲಿ ಏಕಕಾಲಕ್ಕೆ ಹನ್ನೊಂದೇ ಜನ ಆಡಬಲ್ಲರು. ದಾಸ್ತಾನು ಹೆಚ್ಚಾದಾಗ ಗೋದಾಮು ಬೇಕಾಗುತ್ತದೆ. ಕುಟುಂಬವು 2009ರಲ್ಲಿ ಸ್ಪೇನಿನ ಗ್ರನಾಡಾ ಕ್ಲಬ್ಬನ್ನೂ 2012ರಲ್ಲಿ ಇಂಗ್ಲೆಂಡಿನ ವಾಟ್‌ಫರ್ಡ್ ಕ್ಲಬ್ಬನ್ನೂ ವಶಕ್ಕೆ ತೆಗೆದುಕೊಂಡಿತು. 2012–13ರಲ್ಲಿ ಹತ್ತಕ್ಕೂ ಹೆಚ್ಚು ಆಟಗಾರರು ಸೋದರ ಕ್ಲಬ್ಬುಗಳಿಂದ ಎರವಲಾಗಿ ವಾಟ್‌ಫರ್ಡ್ ಸೇರಿದಾಗ ಇತರ ಕ್ಲಬ್ಬುಗಳು ದೂರಿದವು. ವಿದೇಶಿ ಎರವಲಿನ ಮೇಲಿನ ನಿಯಮ ಬಿಗಿಯಾಯಿತು. ಆ ವರ್ಷ ಮೇಲಿನ ದರ್ಜೆಗೆ ಬಡ್ತಿ ನಿರ್ಧರಿಸುವ ಅಂತಿಮ ಪಂದ್ಯದಲ್ಲಿ ವಾಟ್‌ಫರ್ಡ್ ತಂಡವನ್ನು ಸೋಲಿಸಿದ್ದು ಬೇರಾರೂ ಅಲ್ಲ, ಕ್ರಿಸ್ಟಲ್ ಪ್ಯಾಲೆಸ್.

ಪೊಝ್ಝೊ ಕುಟುಂಬ ಚಿಕ್ಕ ಪ್ರಮಾಣದಲ್ಲಿ ಮಾಡಿದ್ದನ್ನು ಇತರರು ಭಾರೀ ಪ್ರಮಾಣಕ್ಕೆ ಏರಿಸಿದರು. ಪಾನೀಯ ಕಂಪನಿಯಾದ ರೆಡ್ ಬುಲ್ 2005ರಲ್ಲಿ ಆಸ್ಟ್ರಿಯದ ಸಾಲ್ಝ್‌ಬರ್ಗ್, 2006ರಲ್ಲಿ ನ್ಯೂಯಾರ್ಕ್, 2009ರಲ್ಲಿ ಜರ್ಮನಿಯ ಲೈಪ್‌ಝಿಗ್ ಎಂದು ತನ್ನ ಜಾಲ ಹೆಣೆಯಿತು. 2008ರಲ್ಲಿ ಮ್ಯಾಂಚೆಸ್ಟರ್ ಸಿಟಿಯನ್ನು ಕೊಂಡ ಅಬುಧಾಬಿಯ ಹೂಡಿಕೆದಾರರು 2013ರಲ್ಲಿ ಸಿಟಿ ಫುಟ್‌ಬಾಲ್ ಗ್ರೂಪ್ ಎಂಬ ಸಮೂಹವನ್ನೇ ಸ್ಥಾಪಿಸಿದರು. ನ್ಯೂಯಾರ್ಕ್, ಮೆಲ್ಬೋರ್ನ್, ಮಾಂಟೆವಿಡಿಯೊ, ಸ್ಪೇನಿನ ಜಿರೋನಾ, ಬೆಲ್ಜಿಯಮ್ಮಿನ ಲೊಮ್ಮೆಲ್, ಫ್ರಾನ್ಸಿನ ಟ್ರ್ವಾ, ಇಟಲಿಯ ಪಲೆರ್ಮೊ, ಬ್ರೆಜಿಲ್‌ನ ಬಹಿಯಾ ಹೀಗೆ ಅದರ ಶಾಖೆಗಳು ಹಬ್ಬಿದವು. ಯುಇಎಫ್‌ಎ ಲೆಕ್ಕದಂತೆ 2012ರಲ್ಲಿ ಜಗತ್ತಿನಾದ್ಯಂತ ಇಂಥ ಬಹುಕ್ಲಬ್ ಒಡೆತನಕ್ಕೆ ಒಳಪಟ್ಟಿದ್ದ ಕ್ಲಬ್ಬುಗಳು 40ಕ್ಕಿಂತ ಕಡಿಮೆ. 2022ರ ಕೊನೆಗೆ ಅವು 180ನ್ನು ದಾಟಿದ್ದವು.

ಹೂಡಿಕೆದಾರನಿಗೆ ಅನುಕೂಲಗಳು ಸ್ಪಷ್ಟ. ಪ್ರತಿಭಾ ಶೋಧನೆಯ ಮಾಹಿತಿ, ತರಬೇತಿ ಪದ್ಧತಿ, ಮಾರುಕಟ್ಟೆ ವಿಭಾಗ ಇವುಗಳ ವೆಚ್ಚ ಹಲವು ಘಟಕಗಳ ನಡುವೆ ಹಂಚಿಹೋಗುತ್ತದೆ. ಒಂದು ದೇಶದಲ್ಲಿ ಕೆಲಸದ ಪರವಾನಗಿ ದೊರೆಯದ ಆಟಗಾರನನ್ನು ಇನ್ನೊಂದು ದೇಶದಲ್ಲಿ ಬೆಳೆಸಬಹುದು. ಒಂದು ತಂಡ ಕೆಳದರ್ಜೆಗೆ ಕುಸಿದರೂ ಬಂಡವಾಳ ಪೂರ್ತಿ ಮುಳುಗುವುದಿಲ್ಲ.

ಅನಾನುಕೂಲ ಯಾರಿಗೆಂಬುದನ್ನು ಟ್ರ್ವಾ ಪಟ್ಟಣದವರು ಬಲ್ಲರು. ಬನಿಯನ್, ಕಾಲುಚೀಲ ಮೊದಲಾದ ಹೆಣಿಗೆ ಉಡುಪುಗಳ ತಯಾರಿಕೆಗೆ ಹೆಸರಾದ ಆ ಊರಿನ ಕ್ಲಬ್ಬು 2022ರಲ್ಲಿ ಸಾವಿಯೊ ಎಂಬ ಬ್ರೆಜಿಲ್‌ನ ತರುಣನನ್ನು ಕೊಂಡಿತು. ಆತ ಟ್ರ್ವಾ ಪರವಾಗಿ ಒಂದೇ ಒಂದು ಪಂದ್ಯವನ್ನೂ ಆಡಲಿಲ್ಲ. ಮೊದಲು ಹಾಲೆಂಡಿನ ಕ್ಲಬ್ಬೊಂದಕ್ಕೆ, ಅನಂತರ ಸೋದರ ಕ್ಲಬ್ಬಾದ ಜಿರೋನಾಕ್ಕೆ ಎರವಲು ಹೋಗಿ, ಅಲ್ಲಿ ಮಿಂಚಿ, 2024ರಲ್ಲಿ ಮ್ಯಾಂಚೆಸ್ಟರ್ ಸಿಟಿ ಸೇರಿದ. ಅದೇ ಅವಧಿಯಲ್ಲಿ ಟ್ರ್ವಾ ಫ್ರಾನ್ಸಿನ ಮೊದಲ ದರ್ಜೆಯಿಂದ ಎರಡನೆಯದಕ್ಕೆ ಬಿದ್ದು, 2024ರಲ್ಲಿ ಮೂರನೆಯದಕ್ಕೂ ಜಾರುವ ಸ್ಥಾನದಲ್ಲಿ ಋತು ಮುಗಿಸಿತು. ಬೋರ್ಡೊ ಕ್ಲಬ್ಬು ಹಣಕಾಸಿನ ಕಾರಣದಿಂದ ಪದಚ್ಯುತವಾದ್ದರಿಂದ ಮಾತ್ರ ಉಳಿಯಿತು. ಎಲ್ಲವೂ ಕಾನೂನುಬದ್ಧ. ಆದರೆ ತಮ್ಮೂರಿನ ತಂಡ ದೂರದ ಮುಖ್ಯ ಕಚೇರಿಯ ಉಪಕಾರ್ಖಾನೆಯಾಯಿತೆಂಬ ಅಭಿಮಾನಿಗಳ ಕೊರಗಿಗೆ ಕಾನೂನಿನಲ್ಲಿ ಕಲಂ ಇಲ್ಲ. ಫ್ರಾನ್ಸಿನದೇ ಸ್ಟ್ರಾಸ್‌ಬರ್ಗ್ ಕ್ಲಬ್ಬನ್ನು 2023ರಲ್ಲಿ ಚೆಲ್ಸಿ ಕ್ಲಬ್ಬಿನ ಒಡೆಯರು ಕೊಂಡ ಮೇಲೆ ಅಲ್ಲಿಯೂ ಪ್ರತಿಭಟನೆಗಳು ನಡೆದವು. 2026ರ ಜನವರಿಯಲ್ಲಿ, ಋತುವಿನ ನಡುವೆಯೇ, ಸ್ಟ್ರಾಸ್‌ಬರ್ಗ್‌ನ ತರಬೇತುದಾರನನ್ನೇ ಚೆಲ್ಸಿಗೆ ಕರೆಸಿಕೊಳ್ಳಲಾಯಿತು.

'ನಿರ್ಣಾಯಕ ಪ್ರಭಾವ' ಎಂದರೇನು?

ಕಾನೂನಿನ ದೃಷ್ಟಿಯಿಂದ ಕಠಿಣವಾದ ಭಾಗ ಇದೇ. ಯುಇಎಫ್‌ಎ ನಿಯಮದಂತೆ ಬಹುಪಾಲು ಮತಾಧಿಕಾರ, ಆಡಳಿತ ಮಂಡಳಿಯ ಬಹುಪಾಲು ಸದಸ್ಯರನ್ನು ನೇಮಿಸುವ ಅಥವಾ ತೆಗೆಯುವ ಹಕ್ಕು, ಇತರ ಷೇರುದಾರರೊಂದಿಗಿನ ಒಪ್ಪಂದದ ಮೂಲಕ ಬಹುಮತದ ಮೇಲಿನ ಹಿಡಿತ ಇವು ಮೂರೂ ನಿಯಂತ್ರಣವೆನಿಸುತ್ತವೆ. ಇಷ್ಟಕ್ಕೇ ನಿಂತಿದ್ದರೆ ವಕೀಲರಿಗೆ ಕೆಲಸ ಕಡಿಮೆಯಾಗುತ್ತಿತ್ತು. ಯಾವುದೇ ವಿಧಾನದಿಂದ ಕ್ಲಬ್ಬಿನ ನಿರ್ಧಾರಗಳ ಮೇಲೆ ನಿರ್ಣಾಯಕ ಪ್ರಭಾವ ಬೀರುವ ಸಾಮರ್ಥ್ಯವೂ ನಿಯಂತ್ರಣವೇ ಎಂಬ ನಾಲ್ಕನೆಯ ಮಾತು ಬಾಗಿಲನ್ನು ಅಗಲವಾಗಿ ತೆರೆಯುತ್ತದೆ.

ಭಾರತದ ಉದ್ಯಮಿಗಳಿಗೆ ಈ ಭಾಷೆ ಪರಿಚಿತವೇ. 2013ರ ಕಂಪನಿ ಕಾಯಿದೆಯ 2(27)ನೇ ಕಲಂ ನಿಯಂತ್ರಣವನ್ನು ವಿವರಿಸುವಾಗ ನಿರ್ದೇಶಕರ ನೇಮಕಾತಿಯ ಹಕ್ಕು, ಷೇರುದಾರರ ಒಪ್ಪಂದ, ಮತದಾನದ ಒಪ್ಪಂದ ಎಂದು ಹೇಳಿ ಕೊನೆಗೆ ಬೇರಾವುದೇ ರೀತಿಯಲ್ಲಿ ಎಂದು ಮುಗಿಸುತ್ತದೆ. ಸೆಬಿಯ 2011ರ ಸ್ವಾಧೀನ ನಿಯಮಾವಳಿಯಲ್ಲಿಯೂ ಶೇ. 25ರ ಮಿತಿಯ ಜೊತೆಗೆ ನಿಯಂತ್ರಣವೆಂಬ ಪ್ರತ್ಯೇಕ ಒರೆಗಲ್ಲಿದೆ. ಶೇಕಡಾವಾರು ಅಂಕಿಯೊಂದರ ಹಿಂದೆ ಅಡಗಿ ಕುಳಿತರೆ ರಕ್ಷಣೆಯಿಲ್ಲವೆಂಬುದು ಎಲ್ಲ ಕಡೆಯ ನಿಯಂತ್ರಕರ ನಿಲುವು.

ಪ್ಯಾಲೆಸ್ ಪ್ರಕರಣದ ವಾದವೂ ಇದರ ಸುತ್ತಲೇ ಸುತ್ತಿತು. ಈಗಲ್ ಕಂಪನಿಯ ಷೇರು ಶೇ. 43 ಇದ್ದರೂ ಮತಾಧಿಕಾರ ಶೇ. 25 ಮಾತ್ರ, ದಿನನಿತ್ಯದ ಆಡಳಿತ ಅಧ್ಯಕ್ಷ ಸ್ಟೀವ್ ಪ್ಯಾರಿಶ್ ಅವರ ಕೈಯಲ್ಲಿತ್ತು, ಟೆಕ್ಸ್ಟರ್ ಹೇಳಿದ್ದು ಅಲ್ಲಿ ನಡೆಯುತ್ತಿರಲಿಲ್ಲ ಎಂಬುದು ಕ್ಲಬ್ಬಿನ ಪ್ರತಿಪಾದನೆ. ಆಡಳಿತ ಮಂಡಳಿಯಲ್ಲಿ ಸ್ಥಾನ ಹೊಂದಿದ್ದ ಟೆಕ್ಸ್ಟರ್‌ಗೆ ಎರಡೂ ಕ್ಲಬ್ಬುಗಳ ಮೇಲೆ ನಿರ್ಣಾಯಕ ಪ್ರಭಾವವಿತ್ತೆಂದು ಮಧ್ಯಸ್ಥಿಕೆ ನ್ಯಾಯಾಲಯ ತೀರ್ಮಾನಿಸಿತು.

ಹಾಗೆಂದು ಈ ಒರೆಗಲ್ಲು ಯಾವಾಗಲೂ ಇಷ್ಟೇ ಕಠಿಣವಾಗಿತ್ತೆನ್ನಲಾಗದು. 2017ರಲ್ಲಿ ಸಾಲ್ಝ್‌ಬರ್ಗ್ ಮತ್ತು ಲೈಪ್‌ಝಿಗ್ ಎರಡೂ ಚಾಂಪಿಯನ್ಸ್ ಲೀಗ್‌ಗೆ ಅರ್ಹತೆ ಪಡೆದಾಗ, ಸಾಲ್ಝ್‌ಬರ್ಗ್‌ನ ಆಡಳಿತ ವ್ಯವಸ್ಥೆಯಲ್ಲಿ ಬದಲಾವಣೆಗಳಾಗಿ, ರೆಡ್ ಬುಲ್‌ನ ಪಾತ್ರ ಪ್ರಾಯೋಜಕನಿಗೆ ಹತ್ತಿರವಾಯಿತೆಂಬ ಆಧಾರದ ಮೇಲೆ ಯುಇಎಫ್‌ಎ ಎರಡಕ್ಕೂ ಅನುಮತಿಯಿತ್ತಿತು. ಲೈಪ್‌ಝಿಗ್ ಕ್ಲಬ್ಬಿನ ಹೆಸರೂ ಒಂದು ಕುತೂಹಲ. ಬ್ರಾಂಡ್ ಹೆಸರಿಗೆ ಜರ್ಮನಿಯಲ್ಲಿ ಅವಕಾಶವಿಲ್ಲದ್ದರಿಂದ ಆರ್.ಬಿ. ಅಕ್ಷರಗಳಿಗೆ ಹುಲ್ಲುಹಾಸಿನ ಚೆಂಡಾಟ ಎಂಬರ್ಥದ ಜರ್ಮನ್ ಪದವೊಂದನ್ನು ಹೊಂದಿಸಲಾಗಿದೆ.

ಮರುವರ್ಷವೇ, 2018–19ರ ಯೂರೋಪಾ ಲೀಗ್‌ನಲ್ಲಿ, ಈ ಎರಡು ತಂಡಗಳು ಒಂದೇ ಗುಂಪಿನಲ್ಲಿ ಬಿದ್ದವು. ಸಾಲ್ಝ್‌ಬರ್ಗ್ ಎರಡೂ ಪಂದ್ಯಗಳಲ್ಲಿ ಲೈಪ್‌ಝಿಗ್ ತಂಡವನ್ನು ಸೋಲಿಸಿತು. ಕೊನೆಯ ದಿನದ ಸ್ಥಿತಿ ಹೀಗಿತ್ತು: ಸಾಲ್ಝ್‌ಬರ್ಗ್ ಆಗಲೇ ಮುಂದಿನ ಸುತ್ತು ಸೇರಿದೆ, ಅದು ಸ್ಕಾಟ್ಲೆಂಡಿನ ಸೆಲ್ಟಿಕ್ ತಂಡವನ್ನು ಸೋಲಿಸಿ, ಇತ್ತ ಲೈಪ್‌ಝಿಗ್ ನಾರ್ವೆಯ ರೋಸೆನ್‌ಬರ್ಗ್ ವಿರುದ್ಧ ಗೆದ್ದರೆ ಸೋದರ ತಂಡಕ್ಕೂ ಬಾಗಿಲು ತೆರೆಯುತ್ತದೆ. ಸಾಲ್ಝ್‌ಬರ್ಗ್ 2–1ರಿಂದ ಗೆದ್ದಿತು. ಲೈಪ್‌ಝಿಗ್ 1–1 ಸಮ ಮಾಡಿಕೊಂಡು ಹೊರಬಿತ್ತು. ಸೋತ ಸೆಲ್ಟಿಕ್ ಉಳಿಯಿತು. ಲೈಪ್‌ಝಿಗ್ ಗೆದ್ದಿದ್ದರೆ? ಸಾಲ್ಝ್‌ಬರ್ಗ್‌ನ ಪ್ರಾಮಾಣಿಕ ಗೆಲುವೂ ಗ್ಲಾಸ್ಗೋ ನಗರದ ಬೀದಿಗಳಲ್ಲಿ ಪ್ರಾಮಾಣಿಕವಾಗಿ ಕಾಣುತ್ತಿರಲಿಲ್ಲ. 1999ರ ತೀರ್ಪು ಹೇಳಿದ್ದು ಇದನ್ನೇ.

ಟ್ರಸ್ಟ್ ಎಂಬ ಏರ್ಪಾಡು

2024ರಲ್ಲಿ ಹೊಸದೊಂದು ಪರಿಹಾರ ರೂಢಿಗೆ ಬಂದಿತು. ಆ ವರ್ಷ ಮ್ಯಾಂಚೆಸ್ಟರ್ ಸಿಟಿ ಮತ್ತು ಜಿರೋನಾ ಎರಡೂ ಚಾಂಪಿಯನ್ಸ್ ಲೀಗ್‌ಗೆ, ಮ್ಯಾಂಚೆಸ್ಟರ್ ಯುನೈಟೆಡ್ ಮತ್ತು ಫ್ರಾನ್ಸಿನ ನೀಸ್ ಎರಡೂ ಯೂರೋಪಾ ಲೀಗ್‌ಗೆ ಅರ್ಹತೆ ಗಳಿಸಿದವು. ನೀಸ್ ಕ್ಲಬ್ಬಿನ ಒಡೆಯರಾದ ರಾಸಾಯನಿಕ ಉದ್ಯಮದ ಇನಿಯೋಸ್ ಸಮೂಹವು ಅದೇ ವರ್ಷ ಯುನೈಟೆಡ್‌ನಲ್ಲಿ ನಾಲ್ಕನೇ ಒಂದು ಭಾಗಕ್ಕೂ ತುಸು ಹೆಚ್ಚಿನ ಪಾಲು ಪಡೆದು ಕ್ರೀಡಾ ವಿಭಾಗದ ಉಸ್ತುವಾರಿ ವಹಿಸಿಕೊಂಡಿತ್ತು. ಜಿರೋನಾ ಮತ್ತು ನೀಸ್‌ನ ಷೇರುಗಳನ್ನು ಸ್ವತಂತ್ರ ಟ್ರಸ್ಟಿಗಳ ಕೈಗೊಪ್ಪಿಸಿ, ಒಡೆಯರು ಆ ಋತುವಿನ ಮಟ್ಟಿಗೆ ದೂರ ಸರಿಯುವ ಬ್ಲೈಂಡ್ ಟ್ರಸ್ಟ್ ಏರ್ಪಾಡನ್ನು ಯುಇಎಫ್‌ಎಯ ಹಣಕಾಸು ನಿಯಂತ್ರಣ ಮಂಡಳಿ ಒಪ್ಪಿತು. ಸೋದರ ಕ್ಲಬ್ಬುಗಳ ನಡುವೆ 2025ರ ಸೆಪ್ಟೆಂಬರ್‌ವರೆಗೆ, ಹಿಂದೆಯೇ ಆಗಿದ್ದ ಒಪ್ಪಂದಗಳ ಹೊರತು, ಆಟಗಾರರ ವರ್ಗಾವಣೆ ಇಲ್ಲ, ತಾಂತ್ರಿಕ ಅಥವಾ ವಾಣಿಜ್ಯ ಸಹಕಾರವಿಲ್ಲ, ಪ್ರತಿಭಾ ಶೋಧನೆಯ ಜಂಟಿ ದತ್ತಾಂಶವಿಲ್ಲ ಎಂಬ ಷರತ್ತುಗಳನ್ನೂ ವಿಧಿಸಿತು.

ಷರತ್ತುಗಳು ಬರೀ ಕಾಗದದ ಮೇಲಿನವಲ್ಲವೆಂಬುದು ಬೇಗನೆ ಗೊತ್ತಾಯಿತು. ಯುನೈಟೆಡ್ ಬಯಸಿದ್ದ ನೀಸ್‌ನ ರಕ್ಷಣಾ ಆಟಗಾರ ಜಾನ್‌ಕ್ಲೇರ್ ತೊದಿಬೊ ಸ್ವಂತ ಮನೆಯವನಾದರೂ ಸಿಗದೆ ವೆಸ್ಟ್ ಹ್ಯಾಮ್ ಸೇರಿದ. ಅನ್ಯರಿಗೆ ಮಾರಬಹುದು, ತನ್ನದೇ ಇನ್ನೊಂದು ಅಂಗಡಿಗೆ ಮಾರುವಂತಿಲ್ಲ ಎಂಬ ವಿಚಿತ್ರ ಸ್ಥಿತಿ. ಇದಕ್ಕೆ ಮುನ್ನ, 2023ರಲ್ಲಿ, ಬ್ರೈಟನ್ ಕ್ಲಬ್ಬಿನ ಟೋನಿ ಬ್ಲೂಮ್ ಬೆಲ್ಜಿಯಮ್ಮಿನ ಯೂನಿಯನ್ ಸೇಂಟ್ ಜಿಲ್ವಾಸ್‌ನಲ್ಲಿನ ತಮ್ಮ ಪಾಲನ್ನು ಅಲ್ಪಸಂಖ್ಯಾತಕ್ಕೆ ಇಳಿಸಿದ್ದರು. ಆಸ್ಟನ್ ವಿಲ್ಲಾದ ಒಡೆಯರು ಪೋರ್ಚುಗಲ್‌ನ ವಿಟೋರಿಯಾದಲ್ಲಿನ ಪಾಲನ್ನು ಶೇ. 46ರಿಂದ 29ಕ್ಕೆ ತಗ್ಗಿಸಿದ್ದರು.

ಟ್ರಸ್ಟ್‌ನ ಇನ್ನೊಂದು ಮುಖವನ್ನು ಇಟಲಿಯಲ್ಲಿ ಕಾಣಬಹುದು. ರೋಮಿನ ಲಾಟ್ಸಿಯೊ ಕ್ಲಬ್ಬಿನ ಒಡೆಯ ಕ್ಲಾವ್ದಿಯೊ ಲೊತಿತೊ 2011ರಲ್ಲಿ ಕೆಳದರ್ಜೆಯ ಸಲೆರ್ನಿತಾನಾ ಕ್ಲಬ್ಬನ್ನೂ ಸಂಬಂಧಿಕನ ಜೊತೆಗೂಡಿ ಕೊಂಡರು. 2021ರಲ್ಲಿ ಸಲೆರ್ನಿತಾನಾ ಮೊದಲ ದರ್ಜೆಗೇರಿದಾಗ ಆ ಯಶಸ್ಸೇ ಸಂಕಟವಾಯಿತು. ಒಂದೇ ಲೀಗ್‌ನಲ್ಲಿ ಒಬ್ಬನಿಗೆ ಎರಡು ತಂಡ ಸಲ್ಲದು. ಷೇರುಗಳನ್ನು ಟ್ರಸ್ಟ್‌ಗೆ ವಹಿಸಿ, 2021ರ ಡಿಸೆಂಬರ್ 31ರೊಳಗೆ ಮಾರದಿದ್ದರೆ ತಂಡವನ್ನೇ ಲೀಗ್‌ನಿಂದ ಹೊರಹಾಕುವುದಾಗಿ ಫೆಡರೇಶನ್ ಎಚ್ಚರಿಸಿತು. ಮಾರಲೇಬೇಕಾದವನ ಗಡುವನ್ನು ಕೊಳ್ಳುವವನೂ ಬಲ್ಲ. ವರ್ಷದ ಕಟ್ಟಕಡೆಯ ದಿನ ಸುಮಾರು ಒಂದು ಕೋಟಿ ಯೂರೋಗೆ ವ್ಯಾಪಾರ ಕುದುರಿತೆಂದು ವರದಿಯಾಯಿತು. ಮೊದಲ ದರ್ಜೆಯ ಕ್ಲಬ್ಬೊಂದಕ್ಕೆ ಅದು ಗುಜರಿ ಬೆಲೆ. ನಾಪೋಲಿ ಮತ್ತು ಬಾರಿ ಎರಡನ್ನೂ ಹೊಂದಿರುವ ದೆ ಲಾವ್ರೆಂತಿಸ್ ಕುಟುಂಬಕ್ಕೆ ಇಂಥದೇ ಗಡುವು 2028–29ರವರೆಗೆ ವಿಸ್ತರಣೆಯಾಗಿದೆ.

ಮಾರ್ಚ್ 1

ಪ್ಯಾಲೆಸ್ ಕೂಡ ಮಾರಾಟಕ್ಕೆ ಹಿಂಜರಿದಿರಲಿಲ್ಲ. ಕಪ್ ಗೆದ್ದ ಮರುತಿಂಗಳೇ ಟೆಕ್ಸ್ಟರ್ ತಮ್ಮ ಪಾಲನ್ನು ಅಮೆರಿಕದ ವುಡಿ ಜಾನ್ಸನ್ ಅವರಿಗೆ ಸುಮಾರು 19 ಕೋಟಿ ಪೌಂಡಿಗೆ ಮಾರಲು ಒಪ್ಪಿದರು. ಜುಲೈನಲ್ಲಿ ಮಾರಾಟ ಪೂರ್ಣವಾಯಿತು. ಆದರೆ ಒಡೆತನದ ಸ್ಥಿತಿಯನ್ನು ಯುಇಎಫ್‌ಎ ಪರಿಶೀಲಿಸುವುದು ಪಂದ್ಯಾವಳಿ ಆರಂಭವಾಗುವ ದಿನದಂದಲ್ಲ. ಹಿಂದಿನ ವರ್ಷ ಜೂನ್ ಆರಂಭದಲ್ಲಿದ್ದ ಆ ದಿನಾಂಕವನ್ನು 2025–26ರ ಋತುವಿಗೆ ಮಾರ್ಚ್ 1ಕ್ಕೆ ಹಿಂದಕ್ಕೆ ಸರಿಸಲಾಗಿತ್ತು. 2025ರ ಮಾರ್ಚ್ 1ರಂದು ಪ್ಯಾಲೆಸ್ ಎಫ್.ಎ. ಕಪ್‌ನ ಐದನೆಯ ಸುತ್ತಿನಲ್ಲಿ ಮಿಲ್‌ವಾಲ್ ವಿರುದ್ಧ ಆಡುತ್ತಿತ್ತು. ಇನ್ನೂ ಮೂರು ಗೆಲುವುಗಳಾಚೆ ಇದ್ದ ಕಪ್ಪಿಗಾಗಿ, ಎಂದೂ ಯಾವುದನ್ನೂ ಗೆದ್ದಿರದ ಕ್ಲಬ್ಬೊಂದು ಅಂದೇ ತನ್ನ ಷೇರುಗಳನ್ನು ಟ್ರಸ್ಟ್‌ಗೆ ಒಪ್ಪಿಸಿರಬೇಕಿತ್ತು!

ಆಗಸ್ಟ್ 11ರಂದು ಮಧ್ಯಸ್ಥಿಕೆ ನ್ಯಾಯಾಲಯ ಪ್ಯಾಲೆಸ್‌ನ ಮೇಲ್ಮನವಿಯನ್ನು ವಜಾ ಮಾಡಿತು. ನಿಯಮ ಸ್ಪಷ್ಟವಾಗಿದೆ, ನಿಗದಿತ ದಿನದಂದು ಪಾಲಿಸದವರಿಗೆ ಅದರಲ್ಲಿ ರಿಯಾಯಿತಿಯಿಲ್ಲ ಎಂದಿತು. ತೆರವಾದ ಸ್ಥಾನ ನಾಟಿಂಗ್‌ಹ್ಯಾಮ್ ಫಾರೆಸ್ಟ್ ಕ್ಲಬ್ಬಿಗೆ ದಕ್ಕಿತು. ಅದರ ಒಡೆಯ ಇವಾಂಜೆಲೊಸ್ ಮಾರಿನಾಕಿಸ್ ಗ್ರೀಸಿನ ಒಲಿಂಪಿಯಾಕೋಸ್ ಕ್ಲಬ್ಬಿಗೂ ಒಡೆಯ. ಫಾರೆಸ್ಟ್‌ನ ಷೇರುಗಳನ್ನು ಟ್ರಸ್ಟ್‌ಗೆ ವಹಿಸುವ ಎಚ್ಚರಿಕೆಯನ್ನು ಅವರು ಋತು ಮುಗಿಯುವ ಮುನ್ನವೇ ವಹಿಸಿದ್ದರು. ತಮಗೆ ಬೇರೆ ಅಳತೆಗೋಲು ಬಳಸಲಾಯಿತೆಂಬ ಪ್ಯಾಲೆಸ್‌ನ ದೂರನ್ನು ನ್ಯಾಯಾಲಯ ಒಪ್ಪಲಿಲ್ಲ. ಕಾನೂನಿನ ಅಕ್ಷರಕ್ಕೆ ತೀರ್ಪು ಸರಿಯಿರಬಹುದು. ಆದರೂ ಗಡುವು ಮೀರಿದರೂ ಪಂದ್ಯಾವಳಿಗೆ ಮುನ್ನ ಸಮಸ್ಯೆಯ ಬೇರನ್ನೇ ಕಿತ್ತುಹಾಕಿದವನಿಗೆ, ಷೇರುಗಳನ್ನು ತಾತ್ಕಾಲಿಕವಾಗಿ ಟ್ರಸ್ಟ್‌ನಲ್ಲಿಟ್ಟು ಮರಳಿ ಪಡೆಯುವವನಿಗಿಂತ ಹೆಚ್ಚಿನ ಶಿಕ್ಷೆ ಆಯಿತೆಂಬ ಟೀಕೆಯನ್ನು ಸುಲಭವಾಗಿ ತಳ್ಳಿಹಾಕಲಾಗದು.

ದೊಡ್ಡವರ ಗದ್ದಲದಲ್ಲಿ ಸಣ್ಣ ಕ್ಲಬ್ಬೊಂದರ ಪಾಡು ಮರೆಯಾಯಿತು. ಐರ್ಲೆಂಡಿನ ಡ್ರೊಹೆಡಾ ಯುನೈಟೆಡ್ 2024ರ ನವೆಂಬರ್‌ನಲ್ಲಿ ತನ್ನ ದೇಶದ ಕಪ್ ಗೆದ್ದು ಕಾನ್ಫರೆನ್ಸ್ ಲೀಗ್‌ನ ಅರ್ಹತಾ ಸುತ್ತಿಗೆ ಬಂದಿತ್ತು. ಅದರ ಒಡೆಯರಾದ ಟ್ರಿವೆಲಾ ಗ್ರೂಪ್ ಡೆನ್ಮಾರ್ಕಿನ ಸಿಲ್ಕೆಬೋರ್ಗ್ ಕ್ಲಬ್ಬನ್ನೂ ಹೊಂದಿತ್ತು; ಅದೂ ಅಲ್ಲಿಗೇ ಬಂದಿತು. ಕಾನ್ಫರೆನ್ಸ್ ಲೀಗ್‌ಗಿಂತ ಕೆಳಗೆ ಇಳಿಯಲು ಮೆಟ್ಟಿಲೇ ಇಲ್ಲ. 2025ರ ಜೂನ್‌ನಲ್ಲಿ ಡ್ರೊಹೆಡಾ ಪೂರ್ತಿ ಹೊರಬಿತ್ತು. ಅದೇ ವರ್ಷ ಫಿಫಾ ಕೂಡ ತನ್ನ ಕ್ಲಬ್ ವಿಶ್ವಕಪ್‌ನಿಂದ ಮೆಕ್ಸಿಕೊದ ಲಿಯೋನ್ ತಂಡವನ್ನು ಪಚೂಕಾ ಕ್ಲಬ್ಬಿನೊಂದಿಗಿನ ಸಮಾನ ಒಡೆತನದ ಕಾರಣಕ್ಕೆ ಕೈಬಿಟ್ಟಿತು. ಅದರ ಸ್ಥಾನ ಪಡೆದ ಲಾಸ್ ಏಂಜಲೀಸ್ ತಂಡವು 2023ರ ವಲಯ ಫೈನಲ್‌ನಲ್ಲಿ ಇದೇ ಲಿಯೋನ್‌ಗೆ ಸೋತಿತ್ತು.

ಸೋದರ ಸಂಸ್ಥೆಗಳ ಲೇವಾದೇವಿ

ಪಂದ್ಯದ ಪ್ರಾಮಾಣಿಕತೆಯಷ್ಟೇ ಜಟಿಲವಾದದ್ದು ಬೆಲೆಯ ಪ್ರಶ್ನೆ. ಆಟಗಾರನೊಬ್ಬನಿಗೆ ಮಾರುಕಟ್ಟೆಯ ಪಟ್ಟಿ ಬೆಲೆ ಇಲ್ಲ. ಒಂದೇ ಒಡೆಯನ ಎರಡು ಕ್ಲಬ್ಬುಗಳ ನಡುವೆ ಮಾರಾಟ ನಡೆದಾಗ ಬೆಲೆಯನ್ನು ಏರಿಸಿ ಒಂದರ ಪುಸ್ತಕದಲ್ಲಿ ಲಾಭ ತೋರಿಸಬಹುದು, ಇಳಿಸಿ ಇನ್ನೊಂದರ ವೆಚ್ಚ ಮರೆಮಾಡಬಹುದು. ಕ್ಲಬ್ಬುಗಳ ನಷ್ಟಕ್ಕೆ ಮಿತಿ ಹಾಕುವ ನಿಯಮಗಳಿರುವುದರಿಂದ ಈ ಪ್ರಲೋಭನೆ ಬಲವಾದದ್ದು. ಸಂಬಂಧಿತ ವ್ಯಕ್ತಿಗಳ ನಡುವಿನ ಪೂರೈಕೆಗೆ ಜಿಎಸ್‌ಟಿ ನಿಯಮಾವಳಿಯ 28ನೇ ನಿಯಮ ಮುಕ್ತ ಮಾರುಕಟ್ಟೆಯ ಬೆಲೆಯನ್ನು ಕೇಳುವಂತೆ, ಇಂಗ್ಲಿಷ್ ಪ್ರೀಮಿಯರ್ ಲೀಗ್ 2021ರಿಂದ ಸಂಬಂಧಿತ ಪಕ್ಷಗಳ ವ್ಯವಹಾರಗಳಿಗೆ ನ್ಯಾಯಯುತ ಮಾರುಕಟ್ಟೆ ಮೌಲ್ಯದ ಪರೀಕ್ಷೆ ವಿಧಿಸಿತು. ಮ್ಯಾಂಚೆಸ್ಟರ್ ಸಿಟಿ ಇದನ್ನು ಪ್ರಶ್ನಿಸಿದಾಗ 2024ರಲ್ಲಿ ಮಧ್ಯಸ್ಥಿಕೆ ಮಂಡಳಿಯು ನಿಯಮದ ಕೆಲವು ಭಾಗಗಳು ಕಾನೂನುಬಾಹಿರವೆಂದಿತು. ಷೇರುದಾರರು ಕೊಡುವ ಬಡ್ಡಿರಹಿತ ಸಾಲವನ್ನು ಪರೀಕ್ಷೆಯಿಂದ ಹೊರಗಿಟ್ಟದ್ದು ಅವುಗಳಲ್ಲೊಂದು. ತಿದ್ದುಪಡಿಗಳಾಗಿ, 2025ರ ಸೆಪ್ಟೆಂಬರ್‌ನಲ್ಲಿ ಎರಡೂ ಕಡೆಯವರು ರಾಜಿಯಾದರು. ಸೋದರ ಕ್ಲಬ್ಬುಗಳಿಂದ ಆಟಗಾರರನ್ನು ಎರವಲು ತರುವುದನ್ನೇ ತಾತ್ಕಾಲಿಕವಾಗಿ ನಿಷೇಧಿಸುವ ಸೂಚನೆ 2023ರ ನವೆಂಬರ್‌ನಲ್ಲಿ 13–7 ಮತಗಳಿಂದ ಬಿದ್ದುಹೋಯಿತು, ಬೇಕಿದ್ದುದು 14.

ಸರಣಿಯ ಅಪಾಯ ಇನ್ನೊಂದಿದೆ. ಮಿಯಾಮಿಯ 777 ಪಾರ್ಟ್‌ನರ್ಸ್ ಕಂಪನಿಯು 2021ರಿಂದೀಚೆಗೆ ಇಟಲಿಯ ಜೆನೊವಾ, ಬ್ರೆಜಿಲ್‌ನ ವಾಸ್ಕೊ ಡ ಗಾಮ, ಬೆಲ್ಜಿಯಮ್ಮಿನ ಸ್ಟಾಂಡರ್ಡ್ ಲಿಯೇಜ್, ಜರ್ಮನಿಯ ಹೆರ್ಥಾ ಬರ್ಲಿನ್ ಎಂದು ಒಂದರ ಮೇಲೊಂದು ಪಾಲು ಕೊಂಡು, 2023ರ ಸೆಪ್ಟೆಂಬರ್‌ನಲ್ಲಿ ಇಂಗ್ಲೆಂಡಿನ ಎವರ್ಟನ್ ಕೊಳ್ಳಲೂ ಕರಾರು ಮಾಡಿಕೊಂಡಿತು. 2024ರ ಮೇ ತಿಂಗಳಿನಲ್ಲಿ ಲಂಡನ್ನಿನ ಸಾಲದಾತ ಸಂಸ್ಥೆಯೊಂದು, ಒಂದೇ ಆಸ್ತಿಯನ್ನು ಎರಡು ಕಡೆ ಅಡವಿಡಲಾಗಿದೆಯೆಂದು ಆರೋಪಿಸಿ ನ್ಯೂಯಾರ್ಕಿನಲ್ಲಿ ದಾವೆ ಹೂಡಿತು. ಅದೇ ತಿಂಗಳು ಬ್ರೆಜಿಲ್‌ನ ನ್ಯಾಯಾಲಯ ವಾಸ್ಕೊದ ನಿಯಂತ್ರಣವನ್ನು ಕಂಪನಿಯ ಕೈಯಿಂದ ತಪ್ಪಿಸಿತು. ಎವರ್ಟನ್ ಕರಾರು ಮುರಿದುಬಿತ್ತು. ಯಾವ ಕ್ಲಬ್ಬೂ ಆಟದಲ್ಲಿ ಸೋತು ಈ ಗತಿಗೆ ಬಂದುದಲ್ಲ. ಇಂಗ್ಲೆಂಡಿನಲ್ಲಿ 2025ರ ಜುಲೈನಲ್ಲಿ ಕಾಯಿದೆಯಾದ ಫುಟ್‌ಬಾಲ್ ಆಡಳಿತ ಮಸೂದೆಯು ಸ್ವತಂತ್ರ ನಿಯಂತ್ರಕನನ್ನು ನೇಮಿಸಿ, ಒಡೆಯರ ಹಣದ ಮೂಲವನ್ನು ಪರಿಶೀಲಿಸುವ ಅಧಿಕಾರ ನೀಡಿರುವುದಕ್ಕೆ ಇಂಥ ಅನುಭವಗಳ ಹಿನ್ನೆಲೆಯಿದೆ.

ಮುಂಬೈ ಅಧ್ಯಾಯ

ಭಾರತಕ್ಕೂ ಈ ಜಾಲದ ಒಂದು ಎಳೆ ತಲುಪಿತ್ತು. 2019ರ ನವೆಂಬರ್‌ನಲ್ಲಿ ಸಿಟಿ ಫುಟ್‌ಬಾಲ್ ಗ್ರೂಪ್ ಇಂಡಿಯನ್ ಸೂಪರ್ ಲೀಗ್‌ನ ಮುಂಬೈ ಸಿಟಿ ಕ್ಲಬ್ಬಿನಲ್ಲಿ ಶೇ. 65ರ ಪಾಲು ಖರೀದಿಸಿತು. 2020–21ರಲ್ಲಿ ಮುಂಬೈ ಲೀಗ್ ಶೀಲ್ಡ್ ಮತ್ತು ಕಪ್ ಎರಡನ್ನೂ ಗೆದ್ದಿತು. 2022ರಲ್ಲಿ ಏಷ್ಯಾದ ಚಾಂಪಿಯನ್ಸ್ ಲೀಗ್‌ನ ಗುಂಪು ಹಂತದಲ್ಲಿ ಪಂದ್ಯ ಗೆದ್ದ ಮೊದಲ ಭಾರತೀಯ ಕ್ಲಬ್ಬೆನಿಸಿತು. 2023–24ರ ಅದೇ ಪಂದ್ಯಾವಳಿಯಲ್ಲಿ ಮುಂಬೈ ಸಿಟಿ ಪಶ್ಚಿಮ ವಲಯದಲ್ಲಿಯೂ ಸೋದರ ಕ್ಲಬ್ಬು ಮೆಲ್ಬೋರ್ನ್ ಸಿಟಿ ಪೂರ್ವ ವಲಯದಲ್ಲಿಯೂ ಆಡಿದವು. ಎರಡು ವಲಯಗಳ ತಂಡಗಳು ಅಂತಿಮ ಪಂದ್ಯಕ್ಕೆ ಮುನ್ನ ಭೇಟಿಯಾಗುವಂತಿರಲಿಲ್ಲ. ಯೂರೋಪಿನಲ್ಲಿ ಇಷ್ಟು ಹೊತ್ತಿಗೆ ಟ್ರಸ್ಟ್ ಪತ್ರಗಳು ಸಿದ್ಧವಾಗಬೇಕಾಗುತ್ತಿತ್ತು.

ಲೀಗ್‌ನ ವಾಣಿಜ್ಯ ಹಕ್ಕುಗಳ ಕುರಿತು ಅಖಿಲ ಭಾರತ ಫುಟ್‌ಬಾಲ್ ಫೆಡರೇಶನ್ ಮಾಡಿಕೊಂಡಿದ್ದ ಒಪ್ಪಂದ 2025ರ ಡಿಸೆಂಬರ್ 8ಕ್ಕೆ ಮುಗಿದು, 2025–26ರ ಋತು ಹೊತ್ತಿಗೆ ಸರಿಯಾಗಿ ಆರಂಭವಾಗಲಿಲ್ಲ. ಆ ತಿಂಗಳ ಕೊನೆಯಲ್ಲಿ ಸಮೂಹವು ಲೀಗ್‌ನ ಅನಿಶ್ಚಿತ ಭವಿಷ್ಯವನ್ನು ಉಲ್ಲೇಖಿಸಿ ತನ್ನ ಪಾಲನ್ನು ಸ್ಥಾಪಕ ಒಡೆಯರಾದ ನಟ ರಣಬೀರ್ ಕಪೂರ್ ಮತ್ತು ಬಿಮಲ್ ಪಾರೇಖ್ ಅವರಿಗೆ ಹಿಂದಿರುಗಿಸಿ ಹೊರನಡೆಯಿತು.